ಬೀಗ ಹಾಕಿದ ಮನೆಗೆ ಇನ್ನೊಂದು ಸಲ ಹೋಗು

ಬಾ ಮಗು, ಕೂತ್ಕೋ. ಮೊದಲು ಕಾಫಿ ಕುಡಿ, ಲ್ಯಾಪ್‌ಟಾಪ್ ಆಮೇಲೆ ತೆಗೆ. ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಬಾಗಿಲಿಂದ ಕೂಗಿದೆಯಲ್ಲ, "ಅಜ್ಜಿ, ಪಿ-ವ್ಯಾಲ್ಯೂ 0.03 ಬಂತು" ಅಂತ. ರ‍್ಯಾಂಕ್ ಬಂದವರೂ ಇಷ್ಟು ಕುಣಿಯುವುದಿಲ್ಲ. ನನಗೂ ಸಂತೋಷವೇ. ಬಸವನಗುಡಿಯ ಹಿರಿಯರಲ್ಲಿ ಬಿದ್ದು ಪೆಟ್ಟು ಮಾಡಿಕೊಳ್ಳುವವರು ಎಷ್ಟು, ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಪಾಡೇನು ಅಂತ ಕೇಳಿಕೊಂಡು ಬಿಸಿಲಲ್ಲಿ ಅಲೆದಿದ್ದೀಯ. ನಿನ್ನ ವಯಸ್ಸಿನವರಿಗೆ ಇಂಥ ಪ್ರಶ್ನೆ ಹೊಳೆಯುವುದೇ ಅಪರೂಪ.

ಆದರೆ ನೀನು ಬಿಟ್ಟುಹೋಗಿದ್ದ ಫಾರಂಗಳ ಕಟ್ಟನ್ನು ನಿನ್ನೆ ರಾತ್ರಿ ಬಿಚ್ಚಿ ಕೂತಿದ್ದೆ. 46 ಕಡೆ "ಮನೆ ಬೀಗ" ಅಂತ ಬರೆದಿದ್ದೀಯ. ಆ 46 ಮನೆಗೆ ಬದಲಾಗಿ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಬಂದ 46 ಜನರನ್ನು ಹಿಡಿದು ಲೆಕ್ಕ ಸರಿಮಾಡಿದ್ದೀಯ. ಆಮೇಲೆ ನಿನ್ನ ಶೋಧನೆ ಏನು? ವಾಕಿಂಗ್ ಹೋಗುವವರು ಬೀಳುವುದು ಕಡಿಮೆ! ಅಲ್ಲ ಮಗು, ಬಿದ್ದು ಸೊಂಟ ಮುರಿದುಕೊಂಡು ಒಳಕೋಣೆಯಲ್ಲಿ ಮಲಗಿದವರು ಪಾರ್ಕಿಗೆ ಬರುತ್ತಾರಾ? ಒಮ್ಮೆ ಬಿದ್ದವರು ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ವಾಕಿಂಗ್ ಅವರನ್ನು ಬೀಳದಂತೆ ಕಾಪಾಡಿತೋ, ಬೀಳದೆ ಇದ್ದದ್ದರಿಂದ ವಾಕಿಂಗ್ ಮಾಡುತ್ತಿದ್ದಾರೋ, ನಿನ್ನ ಕಂಪ್ಯೂಟರು ಹೇಳಲಾರದು.

ಕೋಪ ಮಾಡಿಕೊಳ್ಳಬೇಡ. "ಮನೆ ಬೀಗ" ಅನ್ನುವುದು ಖಾಲಿ ಜಾಗ ಅಲ್ಲ, ಅದೂ ಒಂದು ಉತ್ತರ. ಅಜ್ಜಿ ಆಸ್ಪತ್ರೆ ಸೇರಿ ಮನೆಯವರೆಲ್ಲ ಅಲ್ಲಿರಬಹುದು. ಮಕ್ಕಳು ಅಮೆರಿಕದಲ್ಲಿದ್ದು, ತಾತ ಒಬ್ಬರೇ ಒಳಗಿಂದ ಬೀಗ ಹಾಕಿಕೊಂಡು ಕೂತಿರಬಹುದು. ಸೊಸೆ ಕೆಲಸಕ್ಕೆ ಹೋಗುವಾಗ ಮರೆವಿನ ಕಾಯಿಲೆಯ ಅತ್ತೆ ಬೀದಿಗೆ ಹೋಗಿಬಿಟ್ಟಾರೆಂದು ಹೊರಗಿಂದ ಬೀಗ ಹಾಕಿರಬಹುದು. ನೀನು ಹುಡುಕುತ್ತಿರುವ ಕಷ್ಟ ಎಲ್ಲಿ ಹೆಚ್ಚೋ ಆ ಬಾಗಿಲುಗಳೇ ನಿನಗೆ ತೆರೆದಿಲ್ಲ.

ನೀನು ಓಡಾಡಿದ ಈ ಬೀದಿಗಳೇ ಇದಕ್ಕೆ ಸಾಕ್ಷಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಸವನಗುಡಿ, ಮಲ್ಲೇಶ್ವರ ಎರಡೂ ಬೆಳೆದದ್ದು ಆ ಭಯದಲ್ಲಿ. ಪೇಟೆಯ ಇಕ್ಕಟ್ಟು ಬೇಡ, ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ ಹಾಕಿದರು, ಮನೆಗಳ ಬೆನ್ನಿಗೆ ಕೊಳೆ ಸಾಗಿಸಲು ಕನ್ಸರ್ವೆನ್ಸಿ ಓಣಿ ಬಿಟ್ಟರು. ಆಗ ಕಾಯಿಲೆಯವರನ್ನು ಲೆಕ್ಕ ಹಾಕುವುದಕ್ಕೆ ಮನೆಮನೆಗೆ ಹೋಗುತ್ತಿದ್ದವರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಸಿಕ್ಕಿದವರನ್ನು ಕ್ಯಾಂಪಿಗೆ ಸಾಗಿಸುತ್ತಾರೆ, ಮನೆ ಸಾಮಾನು ಸುಡುತ್ತಾರೆ ಅನ್ನುವ ದಿಗಿಲಿಗೆ ಜನ ರೋಗಿಗಳನ್ನು ಬಚ್ಚಿಡುತ್ತಿದ್ದರು. ಪುಸ್ತಕದಲ್ಲಿ "ಕೇಸಿಲ್ಲ" ಅಂತ ಬಿದ್ದ ಮನೆಯಲ್ಲೇ ಹೆಣ ಇರುತ್ತಿತ್ತು. ಎಣಿಸುವವರನ್ನು ಕಂಡರೆ ಜನಕ್ಕೆ ಭಯ ಇದ್ದರೆ ಎಣಿಕೆ ಸುಳ್ಳಾಗುತ್ತದೆ. ಆದ್ದರಿಂದಲೇ ನೀನು ಬಾಗಿಲಲ್ಲಿ ಹೇಗೆ ನಿಲ್ಲುತ್ತೀಯ, ಏನಂತ ಮಾತಾಡಿಸುತ್ತೀಯ ಅನ್ನುವುದನ್ನು ನಾನು ಇಷ್ಟು ವಿಚಾರಿಸುವುದು.

ಇನ್ನು ನಿನ್ನ ಫಾರಂನ ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, "ಜನರಲ್ಲಿ ಅರಿವಿನ ಕೊರತೆ" ಅಂತ. ಯಾರನ್ನು ಕೇಳಿ ಬರೆದೆ? ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆಯಲ್ಲ, 1959ರಲ್ಲಿ ಹುಟ್ಟಿದ್ದು, ಅಲ್ಲಿಯವರ ಕಥೆ ಕೇಳು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ತಿಂಗಳುಗಟ್ಟಲೆ ಕೆಮ್ಮಿದರೂ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಅಂತ ಆಗ ದೊಡ್ಡವರೆಲ್ಲ ಹೇಳುತ್ತಿದ್ದರು. ಬ್ಯಾನರ್ಜಿ ಮತ್ತು ಆಂಡರ್‌ಸನ್ ಅನ್ನುವ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಹುಡುಕಿಕೊಂಡು ಹೋಗಿ ಕೇಳಿದರು. ಕಫದಲ್ಲಿ ಕ್ಷಯದ ಕ್ರಿಮಿ ಇದ್ದವರಲ್ಲಿ ಶೇ. 95ರಷ್ಟು ಜನಕ್ಕೆ ತಮಗೇನೋ ಕಾಯಿಲೆ ಇದೆ ಅನ್ನುವುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಕಫ ನೋಡದೆ ಕೆಮ್ಮಿನ ಔಷಧಿಯ ಶೀಷೆ ಕೊಟ್ಟು ಕಳಿಸಿದ್ದರು, ಅಷ್ಟೆ. 1963ರಲ್ಲಿ ಅದು ಅಚ್ಚಾಯಿತು. ಕೊರತೆ ಯಾರದ್ದು, ನೋಡಿದೆಯಾ? ಕೆಮ್ಮು ಅಂತ ತಾವೇ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ರೋಗಿಗಳು ಸಿಗುತ್ತಾರೆ ಅನ್ನುವ ಬುದ್ಧಿ ದೇಶದ ಕ್ಷಯ ಕಾರ್ಯಕ್ರಮಕ್ಕೆ ಬಂದದ್ದು ಇಂಥ ಓಡಾಟದಿಂದ. ನಮ್ಮ ಪಕ್ಕದ ತುಮಕೂರಿನಿಂದ!

ಅದೇ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ನಾಲ್ಕು ಸಲ ಹೋದರು. ಒಂದು ಸಲ ಅಂದರೆ ಒಂದೇ ದಿನ ಅಂದುಕೊಳ್ಳಬೇಡ. ಮನೆಮನೆಯ ಜನಗಣತಿ, ಕೈಗೆ ಚುಚ್ಚುವ ಪರೀಕ್ಷೆ, ಮೂರು ದಿನ ಬಿಟ್ಟು ಅದೇ ಕೈ ಹುಡುಕಿಕೊಂಡು ಹೋಗಿ ಊತ ಅಳೆಯುವುದು, ಎಕ್ಸ್‌ರೇ, ಕಫ. ಚುಚ್ಚಿಸಿಕೊಂಡ ಮಗು ಆ ಹೊತ್ತಿಗೆ ಅಜ್ಜಿ ಊರಿಗೆ ಹೋಗಿದ್ದರೆ? ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ವಿಷಯ ತಿಳಿಯಿತು. ಮೊದಲ ಸುತ್ತಿನಲ್ಲಿ ಸಿಕ್ಕ ರೋಗಿಗಳಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡರು. ಮೂರನೇ ಒಂದು ಭಾಗದ ಹತ್ತಿರ ಜನ, ಹೇಳಿಕೊಳ್ಳುವಂಥ ಚಿಕಿತ್ಸೆ ಇಲ್ಲದೆಯೇ, ಕ್ರಿಮಿ ಹೋಗಿ ಗುಣವಾದರು. ಉಳಿದವರು ಕೆಮ್ಮುತ್ತಲೇ ಇದ್ದರು.

ಆ ಮೂರನೇ ಒಂದು ಭಾಗವನ್ನು ಮರೆಯಬೇಡ. ಆ ಹಳ್ಳಿಗಳಲ್ಲಿ ಯಾರಾದರೂ ಎಲ್ಲ ರೋಗಿಗಳಿಗೂ ದಿನಾ ಒಂದು ಲೋಟ ತುಳಸಿ ಕಷಾಯ ಕೊಟ್ಟಿದ್ದರೆ ಏನಾಗುತ್ತಿತ್ತು? "ನಮ್ಮ ಕಷಾಯದಿಂದ ನೂರಕ್ಕೆ ಮೂವತ್ತು ಜನ ಬದುಕಿದರು" ಅಂತ ಬೋರ್ಡು ಹಾಕಬಹುದಿತ್ತು. ಬದುಕಿದವರನ್ನು ಸಾಲಾಗಿ ನಿಲ್ಲಿಸಿ ಫೋಟೋನೂ ತೆಗೆಸಬಹುದಿತ್ತು. ಅವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕಷಾಯ ಕುಡಿಯದವರ ಸಾಲು ಪಕ್ಕದಲ್ಲಿ ಇಲ್ಲದಿದ್ದರೆ ನಿಜ ಹೇಳುವವರೂ ನಿನ್ನನ್ನು ತಪ್ಪುದಾರಿಗೆ ಎಳೆಯುತ್ತಾರೆ. ಆ ಎರಡು ಸಾಲನ್ನು ಯಾರು ಮಾಡಬೇಕು? ಡಾಕ್ಟರು ಮಾಡಿದರೆ ಗಟ್ಟಿ ಇರುವವರನ್ನು ಒಂದು ಕಡೆ ಹಾಕಿಬಿಡುತ್ತಾರೆ, ಅವರಿಗೇ ಗೊತ್ತಿಲ್ಲದ ಹಾಗೆ. ಅದಕ್ಕೇ ಚೀಟಿ ಎತ್ತುವುದು. ಮದರಾಸಿನಲ್ಲಿ 1956ರಿಂದ ಹಾಗೆಯೇ ಮಾಡಿದರು. ಅದೃಷ್ಟದ ಮೇಲೆ ಬಿಟ್ಟು, ಅರ್ಧ ರೋಗಿಗಳನ್ನು ಸ್ಯಾನಟೋರಿಯಂಗೆ, ಅರ್ಧ ಜನರನ್ನು ಅವರವರ ಬಡ ಮನೆಗೇ ಕಳಿಸಿ ಎರಡೂ ಕಡೆ ಒಂದೇ ಮಾತ್ರೆ ಕೊಟ್ಟರು. ಹಾಲು, ಹಣ್ಣು, ತಂಪು ಗಾಳಿ, ವಿಶ್ರಾಂತಿ ಇಲ್ಲದೆ ಕ್ಷಯ ವಾಸಿಯಾಗದು ಅಂತ ನಂಬಿದ್ದ ಕಾಲ ಅದು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಮನೆಮಂದಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. ಎಷ್ಟು ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವುದು ತಪ್ಪಿತು, ಯೋಚಿಸು. ಒಂದು ಚೀಟಿ ಎತ್ತುವ ಕ್ರಮಕ್ಕೆ ಅಷ್ಟು ಶಕ್ತಿ.

ಈಗ ನಿನ್ನ 0.03ಕ್ಕೆ ಬರೋಣ. ನೀನು ಎಷ್ಟು ಹೋಲಿಕೆ ಮಾಡಿದೆ ಅಂತ ಎಣಿಸಿದೆ. ವಾಕಿಂಗ್, ಉಪ್ಪಿನಕಾಯಿ, ಮೊಸಾಯಿಕ್ ನೆಲ, ಕನ್ನಡಕ, ಮಧ್ಯಾಹ್ನದ ನಿದ್ದೆ, ಎಲ್ಲ ಸೇರಿ ಇಪ್ಪತ್ತು. ಅದರಲ್ಲಿ ಒಂದು ಮಾತ್ರ ಗೆದ್ದಿತು, ಅದನ್ನು ಹಿಡಿದು ಓಡಿಬಂದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಹೋಲಿಕೆ ಮಾಡಿದರೆ, ನಿಜವಾಗಿ ಯಾವುದರಲ್ಲೂ ಹುರುಳಿಲ್ಲದಿದ್ದರೂ, ಒಂದಾದರೂ, ನಿಮ್ಮ ಲೆಕ್ಕದಲ್ಲಿ ಗೆಲುವು ಅನ್ನುವ 0.05ರ ಗೆರೆಯ ಕೆಳಗೆ ಬೀಳುವ ಸಂಭವ ನೂರಕ್ಕೆ 64. ಇಪ್ಪತ್ತು ಕಲ್ಲು ಬೀಸಿದರೆ ಒಂದು ಮಾವಿನಕಾಯಿ ಉದುರುವುದೇನು ಆಶ್ಚರ್ಯವಲ್ಲ, ಅದಕ್ಕೆ ಗುರಿಕಾರ ಅನ್ನಿಸಿಕೊಳ್ಳಬೇಡ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು. ಯಾವ ಪ್ರಶ್ನೆ ಕೇಳುತ್ತೀಯ ಅನ್ನುವುದನ್ನು ಮನೆಮನೆಗೆ ಹೊರಡುವ ಮುಂಚೆಯೇ ಬರೆದಿಡು, ದಿನಾಂಕ ಹಾಕು. ಉಳಿದ ಹತ್ತೊಂಬತ್ತನ್ನೂ ವರದಿಯಲ್ಲಿ ಹೇಳು. ಮುಚ್ಚಿಡಬೇಡ.

ನಿನ್ನ ಪ್ರಶ್ನೆಗಳ ಕನ್ನಡ ಓದಿ ನನಗೆ ಹೊಟ್ಟೆ ಉರಿಯಿತು, ಅದನ್ನೂ ಹೇಳಿಬಿಡುತ್ತೇನೆ. "ನಿಮಗೆ ಬೇಜಾರಾಗುತ್ತದೆಯೇ?" ಅಂತ ಕೇಳಿ, ಹೌದು ಅಂದವರನ್ನೆಲ್ಲ ಖಿನ್ನತೆಯ ಪಟ್ಟಿಗೆ ಸೇರಿಸಿದ್ದೀಯ. ನಮ್ಮ ಕಡೆ ಬೇಜಾರು ಅಂದರೆ ಹೊತ್ತು ಹೋಗದಿರುವುದೂ ಹೌದು, ಸಿಟ್ಟೂ ಹೌದು, ದುಃಖವೂ ಹೌದು. ಕರೆಂಟು ಹೋದರೂ ಬೇಜಾರೇ, ಗಂಡ ಹೋದರೂ ಬೇಜಾರೇ. ಎದೆನೋವನ್ನು ನಮ್ಮವರು "ಗ್ಯಾಸ್" ಅನ್ನುತ್ತಾರೆ. ನೀನು "ಎದೆನೋವು ಇದೆಯೇ" ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ. ಬಿದ್ದಿದ್ದೀರಾ ಅಂದರೂ ಇಲ್ಲ, "ಸ್ವಲ್ಪ ಕಾಲು ಜಾರಿತು, ಅಷ್ಟೆ". ಮೊದಲು ಹತ್ತು ಜನರನ್ನು ಸುಮ್ಮನೆ ಮಾತಾಡಿಸು, ಅವರು ಯಾವ ಪದ ಆಡುತ್ತಾರೋ ಅದನ್ನು ಫಾರಂಗೆ ತಾ.

ನಾನು ಸರ್ವೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಹಾಸಿಗೆ ಹಿಡಿದವರ ಆರೈಕೆ ಬಗ್ಗೆ ಒಂದು ಮನೆಯ ಹಜಾರದಲ್ಲಿ ಕೂತು ಸೊಸೆಯನ್ನು ಕೇಳಿದೆ, ಅತ್ತೆಯವರನ್ನು ನೋಡಿಕೊಳ್ಳುವುದು ಕಷ್ಟ ಆಗುತ್ತಾ ಅಂತ. ಅತ್ತೆ ಅಲ್ಲೇ ಮಂಚದ ಮೇಲೆ. "ಅಯ್ಯೋ, ಅದೇನು ಕಷ್ಟ" ಅಂದಳು. ಸೊನ್ನೆ ಹಾಕಿದೆ. ಹೀಗೆ ಒಂದು ತಿಂಗಳು ಸೊನ್ನೆ ಹಾಕಿದೆ. ಒಂದು ದಿನ ಮರೆತ ಕೊಡೆ ತೆಗೆದುಕೊಳ್ಳಲು ಆ ಮನೆಗೆ ವಾಪಸು ಹೋದಾಗ ಅವಳು ಹಿತ್ತಲಲ್ಲಿ ಅತ್ತೆಯ ಬಟ್ಟೆ ಒಗೆಯುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಮುಕ್ಕಾಲು ಗಂಟೆ ಅವಳೇ ಮಾತಾಡಿದಳು. ಎರಡು ವರ್ಷದಿಂದ ರಾತ್ರಿ ಪೂರ್ತಿ ನಿದ್ದೆ ಮಾಡಿಲ್ಲ, ತವರಿಗೆ ಹೋಗಿಲ್ಲ, ತನ್ನ ಬೆನ್ನುನೋವು ಯಾರಿಗೂ ಹೇಳಿಲ್ಲ. ನನ್ನ ಸೊನ್ನೆಗಳೆಲ್ಲ ಸುಳ್ಳು ಅಂತ ಅವತ್ತು ಗೊತ್ತಾಯಿತು. ಎಲ್ಲ ಮನೆಗೂ ಮತ್ತೆ ಹೋದೆ.

ಫಾರಂಗೂ ಮುಖ ಇರುತ್ತದೆ, ಓದುವುದು ಕಲಿ. ವಯಸ್ಸೆಲ್ಲ 60, 65, 70 ಅಂತ ಬಂದಿದ್ದರೆ "ಅರವತ್ತಿರಬೋದು, ಬರ್ಕೊಳಿ" ಅಂದದ್ದನ್ನು ಹಾಗೇ ಬರೆದಿದ್ದಾರೆ ಅಂತ ಲೆಕ್ಕ. ಇಂದಿರಾ ಗಾಂಧಿ ತೀರಿಕೊಂಡಾಗ ನಿಮ್ಮ ದೊಡ್ಡ ಮಗ ಎಷ್ಟನೇ ಕ್ಲಾಸು ಅಂತ ಕೇಳಬೇಕು, ಆಗ ಸಿಗುತ್ತದೆ. ಬಿ.ಪಿ. ಎಲ್ಲರಿಗೂ 120, 130, 140 ಅಂತ ಸೊನ್ನೆಯಲ್ಲೇ ಮುಗಿದಿದ್ದರೆ ಅಳೆದವರು ಅಂದಾಜು ಮಾಡಿದ್ದಾರೆ. ನಮ್ಮ ತಂಡದಲ್ಲಿ ಒಬ್ಬರು ಹೊಂಗೆ ಮರದ ಕೆಳಗೆ ಕೂತು ಫಾರಂ ತುಂಬುತ್ತಿದ್ದರು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಅವರ ಹಳ್ಳಿಯಲ್ಲಿ ಒಂದು ಮನೆಗೂ ಬೀಗ ಇರಲಿಲ್ಲ! ಮಹಲನೋಬಿಸರು ಬಂಗಾಳದಲ್ಲಿ ಸೆಣಬಿನ ಬೆಳೆ ಅಳೆಸುವಾಗಲೇ ಒಂದೇ ಜಾಗಕ್ಕೆ ಎರಡು ಬೇರೆ ಬೇರೆ ತಂಡ ಕಳಿಸಿ ತಾಳೆ ನೋಡುವ ಪದ್ಧತಿ ತಂದಿದ್ದರು. ಸಂಖ್ಯಾಶಾಸ್ತ್ರದಲ್ಲಿ ಅಷ್ಟು ದೊಡ್ಡವರಿಗೆ ಮರದ ನೆರಳಿನ ಆಸೆಯೂ ಗೊತ್ತಿತ್ತು. ಅದಕ್ಕೇ ನಿನ್ನ 46 ಬೀಗ ಕಂಡು ನನಗೆ ಒಳಗೊಳಗೇ ಖುಷಿಯೂ ಆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀಯ.

ಹಾಗೆ ಬರೆದದ್ದು ಯಾವತ್ತು ಯಾರಿಗೆ ಬೇಕಾಗುತ್ತದೋ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ರಾತ್ರಿ ಎರಡು ಗಂಟೆಗೆ ಹೆರಿಗೆಯಾದರೂ ಬರೆಯಬೇಕು. ಅರ್ಧ ಶತಮಾನ ಕಳೆದ ಮೇಲೆ ಆ ಪುಸ್ತಕ ಹಿಡಿದು ಊರೊಳಗೆ ಹುಡುಕಿ 517 ಜನರನ್ನು ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದಯದ ಕಾಯಿಲೆ ಹೆಚ್ಚು ಅಂತ 1996ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯಲ್ಲಿ ಮಾತ್ರ ಇಂಗ್ಲೆಂಡಿನ ಲೆಕ್ಕ ಇಲ್ಲಿ ನಡೆಯಲಿಲ್ಲ, ಇಲ್ಲಿ ಗಿಡ್ಡಗೆ ದುಂಡಗೆ ಹುಟ್ಟಿದವರಿಗೆ ಅದು ಹೆಚ್ಚಾಗಿ ಕಂಡಿತು. ಆ ರಾತ್ರಿ ತಕ್ಕಡಿಯ ಮುಂದೆ ನಿಂತ ನರ್ಸಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಮುಳ್ಳು ಎಲ್ಲಿ ನಿಂತಿತೋ ಅದನ್ನು ಬರೆದಳು.

ಕಾಫಿ ಆರಿಹೋಯಿತು, ಕುಡಿ. ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ. ಪಾರ್ಕಿನ 46 ಫಾರಂಗಳನ್ನು ಬೇರೆ ಕಟ್ಟು ಕಟ್ಟು, ಬಿಸಾಡಬೇಡ. ಬೀಗದ ಮನೆಗಳ ಪಟ್ಟಿ ಬೇರೆ ಮಾಡು. ಒಂದೊಂದು ಮನೆಗೂ ಮೂರು ಸಲ ಹೋಗು, ಒಂದು ಬೆಳಗ್ಗೆ, ಒಂದು ಸಂಜೆ, ಒಂದು ಭಾನುವಾರ. ಆಗಲೂ ಸಿಗದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ ಅವರು ಹೇಳಿದ್ದನ್ನು ಬರಿ. ಬೆಲ್ ಒತ್ತಿ ಹತ್ತು ಎಣಿಸುವಷ್ಟರಲ್ಲಿ ಗೇಟು ದಾಟಿ ಓಡಿಬರಬೇಡ, ನಿಂತಿರು. ಇವತ್ತು ನೀನು ಬೆಲ್ ಮಾಡಿದಾಗ ನಾನು ದೇವರ ಮನೆಯಲ್ಲಿದ್ದೆ. ಕೋಲು ಹುಡುಕಿ, ನಡುಮನೆ ದಾಟಿ, ಈ ಬಾಗಿಲಿನ ಚಿಲಕ ತೆಗೆಯುವುದಕ್ಕೆ ನನಗೇ ಮೂರು ನಿಮಿಷ ಬೇಕಾಯಿತು.