ಹಳೆಯ ಸ್ಪೋರ್ಟ್ಸ್ ಕಾರಿನೊಳಗೆ ನೀರು: ಸೋರಿಕೆಯ ಮೂಲ ಹುಡುಕುವ ಕ್ರಮ

ಮಡಚುವ ಬಟ್ಟೆಯ ಛಾವಣಿಯುಳ್ಳ ಕಾರನ್ನು ಮಳೆನೀರು ಒಂದು ಹನಿಯೂ ಒಳಬಾರದಂತೆ ಕಟ್ಟಿರುವುದಿಲ್ಲ. ಸ್ವಲ್ಪ ನೀರು ಹೊರಪದರವನ್ನು ದಾಟಿ ಬಂದೇ ಬರುತ್ತದೆಂದು ಒಪ್ಪಿಕೊಂಡು, ಅದನ್ನು ಗೊತ್ತಾದ ಹಾದಿಯಲ್ಲಿ ಹರಿಸಿ ತಳದಿಂದ ಹೊರಬಿಡುವಂತೆ ಅದರ ರಚನೆಯಿರುತ್ತದೆ. ಆದ್ದರಿಂದ ಕಾರಿನೊಳಗೆ ನೀರು ಕಂಡಾಗ ಅದು ಎಲ್ಲಿಂದ ಬಂತೆಂದು ಕೇಳುವುದಕ್ಕೆ ಮೊದಲು, ಹೊರಹೋಗಬೇಕಾದ ನೀರು ಎಲ್ಲಿ ತಡೆದು ನಿಂತಿತೆಂದು ಕೇಳುವುದು ಸರಿಯಾದ ಕ್ರಮ. ಈ ಕ್ರಮವನ್ನು ಬಿಟ್ಟು ದುಬಾರಿ ಛಾವಣಿಯನ್ನೇ ಬದಲಿಸಿದವರ ಕಾರಿನಲ್ಲಿ ಮುಂದಿನ ಮಳೆಗೂ ನೀರು ನಿಲ್ಲುವ ಸಂಭವವಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ಜಪಾನಿನ ಮಾಜ್ದಾ ಎಂಎಕ್ಸ್-5. 1989ರ ಫೆಬ್ರುವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಂಡ ಈ ಎರಡು ಆಸನಗಳ ಕಾರಿನ ಮೊದಲ ಪೀಳಿಗೆ 1997ರವರೆಗೂ ಎರಡನೆಯ ಪೀಳಿಗೆ 1998ರಿಂದ 2005ರವರೆಗೂ ತಯಾರಾದವು. 2016ರ ಏಪ್ರಿಲ್‌ನಲ್ಲಿ ಹಿರೋಶಿಮಾದಲ್ಲಿ ಹತ್ತು ಲಕ್ಷನೆಯ ಎಂಎಕ್ಸ್-5 ಹೊರಬಂದಿತು. ಮೊದಲೆರಡು ಪೀಳಿಗೆಗಳ ಕಾರುಗಳಿಗೆ ಈಗ ವಯಸ್ಸಾಗಿದ್ದು, ಅವುಗಳ ಬಹುಮುಖ್ಯ ಶತ್ರು ತುಕ್ಕು. ಬಾಗಿಲಿನ ಕೆಳಗೆ ಉದ್ದಕ್ಕೂ ಸಾಗುವ, ಸಿಲ್ ಎಂದು ಕರೆಯುವ ಟೊಳ್ಳು ಉಕ್ಕಿನ ಪೆಟ್ಟಿಗೆಯೊಳಗೆ ನೀರು ನಿಂತರೆ, ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಲೋಹ ಒಳಗಿನಿಂದ ಸವೆಯುತ್ತದೆ. ಬ್ರಿಟನ್ನಿನ ಎಂಒಟಿ ಎಂಬ ವಾರ್ಷಿಕ ತಪಾಸಣೆಯಲ್ಲಿ ಸೀಟ್ ಬೆಲ್ಟ್, ಸಸ್ಪೆನ್ಷನ್ ಮೊದಲಾದವು ಜೋಡಣೆಯಾಗುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಗಂಭೀರ ತುಕ್ಕು ಕಂಡರೆ ಕಾರು ಅನುತ್ತೀರ್ಣವಾಗುವುದರಿಂದ, ಸೋರಿಕೆಯು ಒದ್ದೆ ಕಾರ್ಪೆಟ್ಟಿನ ಕಿರಿಕಿರಿಯಷ್ಟೇ ಅಲ್ಲ, ಕಾರಿನ ಆಯುಷ್ಯದ ಪ್ರಶ್ನೆಯೂ ಹೌದು.

ಹಂತ 1: ಯಾವ ದ್ರವವೆಂದು ಗುರುತಿಸುವುದು

ಕಾಲಿಡುವ ಜಾಗದಲ್ಲಿ ಕಾಣುವ ತೇವವೆಲ್ಲ ಮಳೆನೀರಲ್ಲ. ಬಿಳಿ ಟಿಶ್ಯೂ ಕಾಗದವನ್ನು ಒತ್ತಿ ನೋಡಿದಾಗ ಬಣ್ಣ ಅಂಟಿ, ಸಿಹಿ ವಾಸನೆ ಬಂದು, ಮುಂಗಾಜಿನ ಒಳಮೈಗೆ ಜಿಡ್ಡಿನ ಮಂಜು ಕವಿಯುತ್ತಿದ್ದರೆ, ಕಾರಿನೊಳಗೆ ಬಿಸಿಗಾಳಿ ಒದಗಿಸುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್‌ನಿಂದ ಕೂಲಂಟ್ ಸೋರುತ್ತಿದೆಯೆಂದು ತಿಳಿಯಬೇಕು. ಪೆಡಲ್‌ಗಳ ಬಳಿಯ ತೇವ ಎಣ್ಣೆಯಂತೆ ಜಾರುತ್ತಿದ್ದರೆ ಅದು ಕ್ಲಚ್ಚಿನ ಹೈಡ್ರಾಲಿಕ್ ದ್ರವವಾಗಿರಬಹುದು. ಒಣಹವೆಯಲ್ಲಿ ಏಸಿ ಹಾಕಿದಾಗ ಮಾತ್ರ ಶುದ್ಧ ನೀರು ಕಾಣಿಸಿದರೆ ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದೆಯೆಂದು ಊಹಿಸಬಹುದು. ಈ ಮೂರೂ ಅಲ್ಲವೆಂದು ಖಚಿತವಾದ ಮೇಲೆಯೇ ಮಳೆನೀರಿನ ಹುಡುಕಾಟಕ್ಕೆ ಇಳಿಯಬೇಕು.

ಹಂತ 2: ಬಿಚ್ಚಿ ಒಣಗಿಸುವುದು

ಒದ್ದೆಯಾಗಿರುವ ಕಾರಿನಲ್ಲಿ ಹೊಸ ಹನಿಯನ್ನು ಗುರುತಿಸುವುದು ಅಸಾಧ್ಯ. ಬ್ಯಾಟರಿಯ ಸಂಪರ್ಕ ತೆಗೆದು, ತಲಾ ನಾಲ್ಕು ಬೋಲ್ಟುಗಳಿಂದ ಬಿಗಿದಿರುವ ಆಸನಗಳನ್ನು ಹೊರತೆಗೆದು, ಕಾರ್ಪೆಟ್ಟನ್ನು ಎತ್ತಬೇಕು. ಏರ್‌ಬ್ಯಾಗ್‌ಗೆ ಸೇರಿದ ಹಳದಿ ಕನೆಕ್ಟರ್‌ಗಳಿದ್ದರೆ ಅವನ್ನು ಮುಟ್ಟಬಾರದು. ಕಾರ್ಪೆಟ್ಟಿನ ಮೇಲ್ಮೈ ಒಣಗಿದಂತೆ ಕಂಡರೂ ಅದರ ಅಡಿಯ ಸ್ಪಂಜಿನ ಪದರ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದರಿಂದ, ಅದನ್ನು ಬೇರ್ಪಡಿಸಿ ಗಾಳಿಯಲ್ಲಿ ಹರವುವುದು ಅಗತ್ಯ. ಅಮೆರಿಕದಲ್ಲಿ ಮಾರಾಟವಾದ ಮೊದಲ ವರ್ಷಗಳ 1.6 ಲೀಟರ್ ಕಾರುಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಪ್ರಯಾಣಿಕರು ಕಾಲಿಡುವ ಜಾಗದಲ್ಲಿ, ಕಾರ್ಪೆಟ್ಟಿನ ಅಡಿಯಲ್ಲೇ ಇರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಒಣಗಿಸುವ ಮೊದಲು ಯಾವ ಮೂಲೆ ಹೆಚ್ಚು ಒದ್ದೆಯಾಗಿದೆಯೆಂದು ಗುರುತಿಸಿಡಬೇಕು. ಆದರೆ ಕಾರು ಇಳಿಜಾರಿನಲ್ಲಿ ನಿಂತಿದ್ದರೆ ಅಥವಾ ಓಡುವಾಗ ಬ್ರೇಕ್ ಹಾಕಿದ್ದರೆ ಹಿಂದಿನ ನೀರು ಮುಂದಕ್ಕೆ ಹರಿದಿರುತ್ತದಾದ್ದರಿಂದ, ನೀರು ನಿಂತ ಜಾಗವನ್ನೇ ಅದು ಒಳಬಂದ ಜಾಗವೆಂದು ತೀರ್ಮಾನಿಸಬಾರದು.

ಹಂತ 3: ಹರಿದುಹೋಗುವ ಹಾದಿಯ ಪರೀಕ್ಷೆ

ಛಾವಣಿಯ ಬಟ್ಟೆಯ ಹಿಂಭಾಗದ ಅಂಚಿನ ಅಡಿಯಲ್ಲಿ, ಹೆಂಚಿನ ಮನೆಯ ಸೂರಿಗೆ ಕಟ್ಟುವ ದೋಣಿಯಂತೆ, ರೇನ್ ರೈಲ್ ಎಂಬ ಪ್ಲಾಸ್ಟಿಕ್ ಕಾಲುವೆಯೊಂದಿರುತ್ತದೆ. ಬಟ್ಟೆಯ ಅಂಚಿನಿಂದ ಇಳಿದ ನೀರು ಅದರಲ್ಲಿ ಕೂಡಿ, ಸೀಟ್ ಬೆಲ್ಟಿನ ಕಂಬಗಳ ಬಳಿ ಎರಡೂ ಬದಿಗಿರುವ ರಂಧ್ರಗಳಿಗೆ ಬಿದ್ದು, ಕೊಳವೆಗಳ ಮೂಲಕ ಹಿಂಚಕ್ರಗಳ ಸ್ವಲ್ಪ ಮುಂದೆ ಕಾರಿನ ತಳದಿಂದ ಹೊರಬೀಳುತ್ತದೆ. ಎಲೆಚೂರು, ಧೂಳು, ಬಟ್ಟೆಯ ನಾರು ಸೇರಿ ಈ ಕೊಳವೆ ಕಟ್ಟಿಕೊಂಡರೆ ನೀರು ಉಕ್ಕಿ ಆಸನಗಳ ಹಿಂದೆ ಇಳಿಯುತ್ತದೆ. ಎಂಎಕ್ಸ್-5ರ ಸೋರಿಕೆಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು, ಸರಿಪಡಿಸಲು ಅತಿ ಅಗ್ಗದ್ದೂ ಇದೇ.

ಪ್ರತಿ ಬದಿಯ ರಂಧ್ರಕ್ಕೆ ಅರ್ಧ ಲೀಟರಿನಷ್ಟು ನೀರನ್ನು ನಿಧಾನವಾಗಿ ಸುರಿದು, ಅದೇ ಬದಿಯ ತಳದಿಂದ ಅಷ್ಟೇ ವೇಗದಲ್ಲಿ ಹೊರಬರುತ್ತದೆಯೇ ಎಂದು ನೋಡಬೇಕು. ತಡವಾದರೆ, ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ಮೇಲಿನಿಂದ ಮೃದುವಾಗಿ ಆಡಿಸುತ್ತ ಕಸವನ್ನು ಸಡಿಲಿಸಿ, ನೀರು ಬಿಟ್ಟು ತೊಳೆಯಬೇಕು. ಕಂಪ್ರೆಸರ್‌ನ ಒತ್ತಡದ ಗಾಳಿಯನ್ನೋ ಗಟ್ಟಿ ತಂತಿಯನ್ನೋ ಬಳಸಿದರೆ ಕೊಳವೆ ತನ್ನ ಕೆಳತುದಿಯಿಂದ ಕಳಚಿಕೊಂಡು, ಹೊರಹೋಗಬೇಕಾದ ನೀರೆಲ್ಲ ಸಿಲ್‌ನೊಳಗೇ ಸುರಿಯುವ ಅಪಾಯವಿದೆ. ಸುರಿದ ನೀರು ಕೆಳಗೆ ಕಾಣದೆ, ಕಾರು ಚಲಿಸಿದಾಗ ಸಿಲ್‌ನೊಳಗೆ ನೀರು ಕುಲುಕುವ ಸದ್ದು ಕೇಳಿದರೆ ಹಾಗೆಯೇ ಆಗಿದೆಯೆಂದು ತಿಳಿಯಬೇಕು.

ಹಂತ 4: ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸುವುದು

ಹರಿಯುವ ಹಾದಿ ಸರಿಯಿದ್ದೂ ಸೋರಿಕೆ ನಿಲ್ಲದಿದ್ದರೆ ಪೈಪಿನ ಪರೀಕ್ಷೆ ಮಾಡಬೇಕು. ಒಬ್ಬರು ಟಾರ್ಚು ಮತ್ತು ಒಣ ಟಿಶ್ಯೂ ಹಿಡಿದು ಒಳಗೆ ಕುಳಿತಿರುವಾಗ, ಇನ್ನೊಬ್ಬರು ಹೊರಗಿನಿಂದ ಸಾಧಾರಣ ತೋಟದ ಪೈಪಿನಲ್ಲಿ ಕಡಿಮೆ ಒತ್ತಡದ ನೀರನ್ನು ಒಂದೊಂದೇ ಜಾಗಕ್ಕೆ ಕೆಲವು ನಿಮಿಷ ಹಾಯಿಸುತ್ತ, ಬಾಗಿಲಿನ ತಳದಿಂದ ಆರಂಭಿಸಿ ಹಂತಹಂತವಾಗಿ ಛಾವಣಿಯತ್ತ ಏರಬೇಕು. ಮೊದಲೇ ಮೇಲಿನಿಂದ ಸುರಿದರೆ ನೀರು ಕೆಳಗಿನ ಎಲ್ಲ ಸಂದುಗಳನ್ನೂ ಹಾದುಬರುವುದರಿಂದ ಯಾವುದು ತಪ್ಪಿತಸ್ಥ ಸಂದೆಂದು ತಿಳಿಯುವುದಿಲ್ಲ. ಈ ಪರೀಕ್ಷೆಯಲ್ಲಿ ಐದು ಜಾಗಗಳನ್ನು ವಿಶೇಷವಾಗಿ ಗಮನಿಸಬೇಕು.

• ಬಾಗಿಲು. ಗಾಜಿನ ಪಕ್ಕದಿಂದ ಬಾಗಿಲಿನೊಳಕ್ಕೆ ನೀರಿಳಿಯುವುದು ಸಹಜ. ಅದು ಬಾಗಿಲಿನ ತಳದ ರಂಧ್ರಗಳಿಂದ ಹೊರಹೋಗಬೇಕು. ಆ ರಂಧ್ರಗಳು ಮುಚ್ಚಿದ್ದರೆ ಅಥವಾ ಒಳಗಿನ ಡೋರ್ ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಬಿಟ್ಟುಕೊಂಡಿದ್ದರೆ ನೀರು ಕಾರ್ಪೆಟ್ಟಿಗೆ ಬರುತ್ತದೆ.

• ಕಿಟಕಿ. ಬಾಗಿಲಿನ ಗಾಜಿಗೆ ಮೇಲೆ ಚೌಕಟ್ಟಿಲ್ಲ. ಅದು ಛಾವಣಿಯ ರಬ್ಬರ್ ಬೀಡಿಂಗಿಗೆ ಒತ್ತಿಕೊಂಡು ನಿಲ್ಲಬೇಕು. ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಬಿಗಿಯಿಲ್ಲದೆ ಜಾರಿ ಬಂದರೆ, ಅಲ್ಲಿ ಗಾಜಿನ ಹೊಂದಾಣಿಕೆ ತಪ್ಪಿದೆ ಅಥವಾ ರಬ್ಬರ್ ಕುಗ್ಗಿದೆ.

• ಮುಂಗಾಜಿನ ಮೇಲಂಚು. ಛಾವಣಿಯನ್ನು ಮುಂದೆ ಬಿಗಿಯುವ ಕೊಂಡಿಗಳು ಸಡಿಲವಾಗಿದ್ದರೆ ಹನಿ ಸವಾರರ ಮಡಿಲಿಗೆ ಬೀಳುತ್ತದೆ; ಕೊಂಡಿಗಳನ್ನು ತಿರುಗಿಸಿ ಬಿಗಿ ಹೆಚ್ಚಿಸಬಹುದು.

• ರೇನ್ ರೈಲ್. ಹಳೆಯ ಪ್ಲಾಸ್ಟಿಕ್ ಗಡುಸಾಗಿ ಸೀಳಿದ್ದರೆ ಕೊಳವೆ ಸ್ವಚ್ಛವಿದ್ದರೂ ಆಸನದ ಹಿಂದೆ ನೀರಿಳಿಯುತ್ತದೆ. ಆಗ ಅದನ್ನು ಬದಲಿಸುವುದೇ ದಾರಿ.

• ಡಿಕ್ಕಿ. ಬ್ಯಾಟರಿ ಇರುವುದು ಇಲ್ಲೇ. ಹಿಂದೀಪಗಳ ಗ್ಯಾಸ್ಕೆಟ್, ಆಂಟೆನಾದ ಬುಡ ಮತ್ತು ಮುಚ್ಚಳದ ರಬ್ಬರ್ ಇವುಗಳಿಂದ ಒಳಬಂದ ನೀರು ಬ್ಯಾಟರಿಯ ಸುತ್ತಲಿನ ಲೋಹವನ್ನು ತಿನ್ನುತ್ತದೆ.

ಇಷ್ಟಕ್ಕೂ ಸುಳಿವು ಸಿಗದಿದ್ದರೆ, ಕಿಟಕಿಗಳನ್ನು ಮುಚ್ಚಿ ಹೊರಗಾಳಿ ಎಳೆಯುವ ಸ್ಥಿತಿಯಲ್ಲಿ ಬ್ಲೋವರನ್ನು ಪೂರ್ತಿ ವೇಗದಲ್ಲಿ ಓಡಿಸುತ್ತ, ಹೊರಗಿನ ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಗಾಳಿ ಸೋರುವಲ್ಲಿ ಗುಳ್ಳೆಗಳೇಳುತ್ತವೆ.

ಹಂತ 5: ದುರಸ್ತಿ ಮತ್ತು ಮರುಪರೀಕ್ಷೆ

ಒಮ್ಮೆಗೆ ಒಂದೇ ದೋಷವನ್ನು ಸರಿಪಡಿಸಿ, ಕಾರ್ಪೆಟ್ ಹಾಕುವ ಮೊದಲೇ ಅದೇ ಜಾಗಕ್ಕೆ ಮತ್ತೆ ನೀರು ಹಾಯಿಸಿ ನೋಡಬೇಕು. ಹಲವು ಕಡೆ ಒಟ್ಟಿಗೆ ಕೈಹಾಕಿದರೆ ನಿಜವಾದ ಮೂಲ ಯಾವುದಾಗಿತ್ತೆಂದು ತಿಳಿಯದೆ ಹೋಗುತ್ತದೆ. ಬಾಗಿಲಿನ ಪ್ಲಾಸ್ಟಿಕ್ ಹಾಳೆಯನ್ನು ಬ್ಯೂಟೈಲ್ ಟೇಪಿನಿಂದ ಮರಳಿ ಅಂಟಿಸಬಹುದು. ರಬ್ಬರಿಗೆ ಪೆಟ್ರೋಲಿಯಂ ಮೂಲದ ಗ್ರೀಸಿನ ಬದಲು ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬಳಿಕ ಮಳೆಗಾಲಕ್ಕೆ ಮುನ್ನ ಮತ್ತು ಎಲೆ ಉದುರುವ ಕಾಲ ಮುಗಿದ ಮೇಲೆ, ವರ್ಷಕ್ಕೆ ಎರಡು ಬಾರಿಯಾದರೂ ಹರಿನಾಳಗಳಿಗೆ ನೀರು ಸುರಿದು ನೋಡುವುದನ್ನು ರೂಢಿಸಿಕೊಳ್ಳಬೇಕು. ಸನ್‌ರೂಫ್ ಇರುವ ಸಾಮಾನ್ಯ ಕಾರುಗಳಲ್ಲಿಯೂ ಇಂಥದೇ ಕಾಲುವೆ ಮತ್ತು ಕೊಳವೆಗಳಿರುವುದರಿಂದ, ಕರ್ನಾಟಕದ ಮಳೆಯಲ್ಲಿ ಓಡುವ ಅಂಥ ಕಾರುಗಳ ಮಾಲೀಕರಿಗೂ ಈ ಕ್ರಮ ಅನ್ವಯಿಸುತ್ತದೆ.

ಕಂಡ ರಂಧ್ರಕ್ಕೆಲ್ಲ ಸಿಲಿಕೋನ್ ತುಂಬಿ ಮುಚ್ಚುವ ಆತುರವನ್ನು ಮಾತ್ರ ಖಂಡಿತವಾಗಿ ಬಿಡಬೇಕು. ಹಾಗೆ ಮುಚ್ಚಿದ ರಂಧ್ರವು ನೀರು ಹೊರಹೋಗಲೆಂದೇ ತಯಾರಕರು ಇಟ್ಟದ್ದಾಗಿದ್ದರೆ, ಕಾರ್ಪೆಟ್ ಒಣಗಿದಂತೆ ಕಂಡರೂ ಸಿಲ್ ಒಳಗಿನಿಂದ ಕೊಳೆಯತೊಡಗುತ್ತದೆ, ಮತ್ತು ಆ ಹಾನಿಯನ್ನು ಸರಿಪಡಿಸಲು ಲೋಹವನ್ನು ಕತ್ತರಿಸಿ ಬೆಸುಗೆ ಹಾಕದೆ ಬೇರೆ ಮಾರ್ಗವಿರುವುದಿಲ್ಲ.