ಚೌಕದಿಂದ ನಕ್ಷತ್ರ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ತಳವಿನ್ಯಾಸಕ್ಕೆ ಚೌಕವೇ ಆಧಾರ. ನೆರೆಯ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯ ವಿಮಾನವಾದರೋ 24 ಮೂಲೆಗಳ ನಕ್ಷತ್ರ. ಚೌಕವು ನಕ್ಷತ್ರವಾಗುವುದೆಂತು? ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಇದನ್ನು ಕರಿಹಲಗೆಗಿಂತ ರಟ್ಟು ಚೆನ್ನಾಗಿ ಕಲಿಸಬಲ್ಲದು.

ಒಂದೇ ಅಳತೆಯ ಆರು ರಟ್ಟಿನ ಚೌಕಗಳನ್ನು ಕತ್ತರಿಸಿ, ಒಂದರ ಮೇಲೊಂದಿರಿಸಿ, ನಟ್ಟನಡುವೆ ಗುಂಡುಸೂಜಿ ಚುಚ್ಚೋಣ. ಪ್ರತಿಯೊಂದನ್ನೂ ಅದರ ಕೆಳಗಿನದಕ್ಕಿಂತ 15 ಡಿಗ್ರಿ ತಿರುಗಿಸಿದರೆ 24 ಮೂಲೆಗಳು ಮೂಡುತ್ತವೆ. ಏಳನೆಯ ಚೌಕದಿಂದ ಹೊಸ ಮೂಲೆ ಬಾರದು. 90 ಡಿಗ್ರಿ ತಿರುಗಿದ ಅದು ಮೊದಲನೆಯದರ ಮೇಲೆಯೇ ಸರಿಯಾಗಿ ಕೂಡುತ್ತದೆ.

ಪ್ರತಿ ತಿರುವಿನಲ್ಲಿ 1 ಡಿಗ್ರಿ ಹೆಚ್ಚಾದರೆ ಐದು ತಿರುವುಗಳಿಗೆ 80 ಡಿಗ್ರಿಯಾಗಿ, ಕೊನೆಯ ಎಡೆಗೆ 10 ಡಿಗ್ರಿ ಮಾತ್ರ ಉಳಿಯುತ್ತದೆ. ರಟ್ಟಿನಲ್ಲಾದ ತಪ್ಪನ್ನು ತಿದ್ದಬಹುದು, ಕಲ್ಲಿನಲ್ಲಾದುದನ್ನಲ್ಲ. ತಿರುವು 30 ಡಿಗ್ರಿಯಾದರೆ ಎಷ್ಟು ಚೌಕಗಳು ಬೇಕು? ವಾಚಕರು ಮಾಡಿ ನೋಡಲಿ.