ಸೈಕಲ್ ಮೇಲೆ ಊರು ಓದೋಣ

ನೀವು ವಳಸಂಗಕ್ಕೆ ಹೋಗಿದ್ದೀರಿ ಅನ್ನಿ. ಊರು ಹೊಸದು. ಗುರುತಿನವರು ಯಾರೂ ಇಲ್ಲ. ಹೆದರಬೇಡಿ. ಕೈಯಲ್ಲಿ ಸೈಕಲ್ ಇದೆ. ಈಗ ನಿಮಗೆ ಅಕ್ಷರವೂ ಬರುತ್ತದೆ.

ವಳಸಂಗ ದಕ್ಷಿಣ ಸೊಲ್ಲಾಪುರ ತಾಲೂಕಿನ ಊರು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯಲ್ಲಿದೆ. ರಾಜ್ಯ ಮಹಾರಾಷ್ಟ್ರ. ಆದರೆ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ.

ಹೊರಡುವ ಮುಂಚೆ ಗಾಳಿ, ಬ್ರೇಕು, ಚೈನು, ಬೆಲ್ ನೋಡಿ. ನೀರು ಮತ್ತು ರೊಟ್ಟಿ ಬುತ್ತಿ ಕಟ್ಟಿಕೊಳ್ಳಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆಯೇ ಹೊರಡಿ. ದೊಡ್ಡ ರಸ್ತೆಯಲ್ಲಿ ಲಾರಿ, ಬಸ್ಸು ಜೋರಾಗಿ ಬರುತ್ತವೆ. ಎಡಕ್ಕೇ ಇರಿ.

ಬೋರ್ಡು ಕಂಡಲ್ಲಿ ಇಳಿಯಿರಿ. ಅಕ್ಷರ ಮರಾಠಿಯದಾಗಿರಬಹುದು. ಬೇಸರ ಬೇಡ. ‘ವಳಸಂಗ’ ಎಂಬ ಹೆಸರಿಗೆ ಕನ್ನಡದಲ್ಲಿ ನಾಲ್ಕು ಅಕ್ಷರ: ವ, ಳ, ಸಂ, ಗ. ಮರಾಠಿಯಲ್ಲೂ ನಾಲ್ಕೇ. ನಮ್ಮ ‘ಳ’ ಅವರಲ್ಲೂ ಇದೆ. ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಒಂದು ಹೆಸರಿನಿಂದ ನಾಲ್ಕು ಮರಾಠಿ ಅಕ್ಷರ ಕಲಿತಿರಿ! ನಾಳೆ ಬಸ್ಸಿನ ಬೋರ್ಡು ಓದಲು ಅವು ಬೇಕು.

ದಾರಿ ತಿಳಿಯದಿದ್ದರೆ ಕೇಳಿ. ಕೇಳಲು ನಾಚಿಕೆ ಯಾಕೆ?

“ಅಣ್ಣಾರ, ಅಂಬೇಡ್ಕರ್ ಬಾವಿ ಎಲ್ಲಿ ಐತ್ರಿ?”

“ಹಿಂಗ ಸೀದಾ ಹೋಗ್ರಿ ಅಕ್ಕಾರ. ಮುಂದ ಯಾರನ್ನ ಕೇಳಿದ್ರೂ ತೋರಸ್ತಾರ.”

ಈ ಬಾವಿಯ ಕತೆ ತಿಳಿಯಿರಿ. ಆಗಿನ ಕಾಲದಲ್ಲಿ ದಲಿತರಿಗೆ ಊರ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. ಕೊಡ ಹಿಡಿದು ದೂರ ನಿಲ್ಲಬೇಕಿತ್ತು. ಯಾರಾದರೂ ಮೇಲಿಂದ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರು ಕುಡಿದು ಈ ಅನ್ಯಾಯವನ್ನು ಎದುರಿಸಿದರು. ವಳಸಂಗದ ದಲಿತರು ತಮ್ಮದೇ ಬಾವಿ ತೋಡಿದರು. 1937ರಲ್ಲಿ ಅಂಬೇಡ್ಕರರೇ ಬಂದು ಅದನ್ನು ಉದ್ಘಾಟಿಸಿದರು.

ಬಸ್ಸಿನಲ್ಲಿ ಹೋದರೆ ಊರು ಕಿಟಕಿಯಲ್ಲಿ ಸರಿದು ಹೋಗುತ್ತದೆ. ಸೈಕಲ್ ಮೇಲೆ ಹೋದರೆ ಬಾವಿಯ ಹತ್ತಿರ ನಿಲ್ಲಬಹುದು. ಒಂದು ಕೊಡ ನೀರಿಗೆ ಜನ ಎಷ್ಟು ಕಷ್ಟಪಟ್ಟರು ಎಂದು ಯೋಚಿಸಬಹುದು.

“ಹೆಂಗಸರಿಗೆ ಸೈಕಲ್ ಯಾಕ್ರಿ?” ಎಂದು ಕೆಲವರು ಕೇಳುತ್ತಾರೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಸಾವಿರಾರು ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲೂ ಕಲಿತರು. ಕೂಲಿಗೆ, ಸಂತೆಗೆ, ನೀರಿಗೆ ತಾವೇ ಹೋದರು. ಯಾರ ದಾರಿಯನ್ನೂ ಕಾಯಲಿಲ್ಲ.

ಅಕ್ಷರವೂ ಹಾಗೆಯೇ, ಸೈಕಲ್ಲೂ ಹಾಗೆಯೇ. ಮೊದಲು ಬೀಳುತ್ತೇವೆ. ಆಮೇಲೆ ಬ್ಯಾಲೆನ್ಸ್ ಬರುತ್ತದೆ. ಒಮ್ಮೆ ಬಂದರೆ ಮರೆಯುವುದಿಲ್ಲ.

ಅಭ್ಯಾಸ

1. ವಳಸಂಗದ ದಲಿತರು ಬೇರೆ ಬಾವಿ ಯಾಕೆ ತೋಡಿದರು?
2. ನಿಮ್ಮ ಊರಿನ ಹೆಸರಲ್ಲಿ ಎಷ್ಟು ಅಕ್ಷರ ಇವೆ? ಬಿಡಿಸಿ ಬರೆಯಿರಿ.
3. ನಿಮ್ಮ ಊರಿನ ಹಳೆಯ ಬಾವಿಯ ಹತ್ತಿರ ಹೋಗಿ. ಹಿರಿಯರನ್ನು ಅದರ ಕತೆ ಕೇಳಿ. ಐದು ಸಾಲು ಬರೆದು ತನ್ನಿ.